ಮನೆಯ ಕಂಪ್ಯೂಟರ್‌ಗೆ ಆಂಟಿವೈರಸ್ ಆರಿಸುವುದು ಹೇಗೆ?

ಚಿಕ್ಕಮ್ಮ ಫೋನ್ ಮಾಡಿದಾಗ ಅವರ ಮಾತಿಗಿಂತ ಹಿಂದೆ ಕೂಗುತ್ತಿದ್ದ ಸೈರನ್ನೇ ಜೋರಾಗಿ ಕೇಳುತ್ತಿತ್ತು. "ಲ್ಯಾಪ್‌ಟಾಪ್ ಪೂರ್ತಿ ಕೆಂಪಗಾಗಿದೆ ಕಣೋ. ವೈರಸ್ ಬಂದಿದೆಯಂತೆ, ಆಫ್ ಮಾಡಬೇಡಿ ಅಂತ ಬರೆದಿದೆ. ಕೆಳಗೆ ಒಂದು ನಂಬರ್ ಕೊಟ್ಟಿದ್ದಾರೆ, ಮಾಡ್ಲಾ?"

"ಬೇಡ ಚಿಕ್ಕಮ್ಮ. ಎಡಗಡೆ ಮೇಲ್ತುದೀಲಿ ಎಸ್ಕೇಪ್ ಅನ್ನೋ ಕೀ ಇದೆಯಲ್ಲ, ಅದನ್ನ ಒತ್ತಿ ಹಿಡ್ಕೊಳ್ಳಿ" ಎಂದೆ. ಎರಡು ಮೂರು ಸೆಕೆಂಡಿಗೆ ಪರದೆ ತುಂಬಿಕೊಂಡಿದ್ದ ಕೆಂಪು ಪುಟ ಸಣ್ಣದಾಯಿತು. ಆಮೇಲೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿಸಿದೆ. ಬ್ರೌಸರ್ ಮುಚ್ಚಿತು, ಸೈರನ್ ನಿಂತಿತು. ಬ್ರೌಸರ್ ಮತ್ತೆ ತೆರೆದಾಗ ಹಳೆಯ ಪುಟಗಳನ್ನು ವಾಪಸ್ ತರಲಾ ಎಂದು ಕೇಳಿದರೆ ಬೇಡ ಅನ್ನಿ ಎಂದೂ ಹೇಳಿದೆ.

ಅಲ್ಲಿ ವೈರಸ್ಸೇ ಇರಲಿಲ್ಲ. ಅದು ಬರೀ ಒಂದು ವೆಬ್ ಪುಟ, ಹೆದರಿಸಿ ಫೋನ್ ಮಾಡಿಸಿಕೊಳ್ಳುವುದಕ್ಕೇ ಮಾಡಿದ್ದು. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಎಂದೂ ಇರುವುದಿಲ್ಲ. ಇದೊಂದನ್ನು ಮನೆಯವರಿಗೆಲ್ಲ ಹೇಳಿಟ್ಟರೆ ಅರ್ಧ ಅಪಾಯ ತಪ್ಪುತ್ತದೆ.

ಆ ವಾರವೇ ಹೋಗಿ ಲ್ಯಾಪ್‌ಟಾಪ್ ತೆರೆದು ನೋಡಿದೆ. ಒಳಗೆ ಮೂರು ಆಂಟಿವೈರಸ್ ಇದ್ದವು. ಒಂದು ಲ್ಯಾಪ್‌ಟಾಪ್ ಜೊತೆ ಬಂದಿದ್ದು, ಅದರ ಟ್ರಯಲ್ ಯಾವಾಗಲೋ ಮುಗಿದಿತ್ತು. ಇನ್ನೊಂದನ್ನು ಯಾರೋ ಪರಿಚಯದವರು ಹಾಕಿಕೊಟ್ಟಿದ್ದರು. ಮೂರನೆಯದು ಪಿಡಿಎಫ್ ಬದಲಿಸುವ ಉಚಿತ ಸಾಫ್ಟ್‌ವೇರ್ ಹಾಕುವಾಗ ಅದರ ಬಾಲ ಹಿಡಿದು ಬಂದಿತ್ತು. ಯಾವುದು ಕೆಲಸ ಮಾಡುತ್ತಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ಮಾತ್ರ ಆಮೆಯಾಗಿತ್ತು.

ಯಾವುದು ಒಳ್ಳೆಯ ಆಂಟಿವೈರಸ್ ಎಂದು ಕೇಳುವವರಿಗೆ ನಾನು ಹೆಸರು ಹೇಳುವುದಿಲ್ಲ. ಯಾವುದನ್ನೇ ಹಾಕಿ, ಒಂದೇ ಒಂದು ಇರಲಿ. ಅದು ಯಾವುದು, ಕೆಲಸ ಮಾಡುತ್ತಿದೆಯಾ, ಕೂಗಿದರೆ ಏನು ಮಾಡಬೇಕು ಎನ್ನುವುದು ಮನೆಯಲ್ಲಿ ಗೊತ್ತಿರಲಿ. ಅಲ್ಲಿಗೆ ತಲುಪುವ ದಾರಿ ಇಲ್ಲಿದೆ.

ಮೊದಲು, ಈಗ ಏನಿದೆ ನೋಡಿ

ಹೊಸದು ಹುಡುಕುವ ಮುಂಚೆ ಇರುವುದರ ಲೆಕ್ಕ ತೆಗೆಯಿರಿ. ವಿಂಡೋಸ್ ಆದರೆ ಸ್ಟಾರ್ಟ್ ಒತ್ತಿ "ವಿಂಡೋಸ್ ಸೆಕ್ಯುರಿಟಿ" ಎಂದು ಟೈಪ್ ಮಾಡಿ. ತೆರೆದುಕೊಳ್ಳುವ ಕಿಟಕಿಯಲ್ಲಿ ಎಡಗಡೆ ಕೆಳಗೆ ಸೆಟ್ಟಿಂಗ್ಸ್ ಇದೆ. ಅದರೊಳಗೆ ಮ್ಯಾನೇಜ್ ಪ್ರೊವೈಡರ್ಸ್ ಒತ್ತಿದರೆ ಈಗ ಯಾವ ಆಂಟಿವೈರಸ್, ಯಾವ ಫೈರ್‌ವಾಲ್ (ನೆಟ್‌ವರ್ಕಿನಿಂದ ಒಳಗೆ ಬರುವುದನ್ನು ತಡೆಯುವ ಗೋಡೆ) ಇದೆ, ಯಾವುದು ಆನ್ ಆಗಿದೆ ಎಂಬ ಪಟ್ಟಿ ಕಾಣುತ್ತದೆ. ಒಂದು ನಿಮಿಷದ ಕೆಲಸ. ಆದರೂ ಈ ಪುಟ ನೋಡಿದವರು ಕಡಿಮೆ.

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ನೋಂದಣಿ ಬೇಕಿಲ್ಲ. ನೀವು ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅದನ್ನು ತೆಗೆದರೆ ಮತ್ತೆ ಕಾವಲಿಗೆ ಬರುತ್ತದೆ. ಅವಧಿ ಮುಗಿದದ್ದನ್ನು ಹಾಗೇ ಬಿಟ್ಟಾಗಲೇ ಗೊಂದಲ. ಯಾರು ಕಾವಲಿಗಿದ್ದಾರೆ ಎನ್ನುವುದೇ ತಿಳಿಯುವುದಿಲ್ಲ.

ಮ್ಯಾಕ್‌ನಲ್ಲೂ ಒಳಗೇ ಕಾವಲಿದೆ. ಎಕ್ಸ್‌ಪ್ರೊಟೆಕ್ಟ್ ಎಂಬುದು ಗೊತ್ತಿರುವ ಕೆಟ್ಟ ಸಾಫ್ಟ್‌ವೇರ್ ತಡೆಯುತ್ತದೆ. ಇದು 2009ರಿಂದಲೂ ಇದೆ. ಗೇಟ್‌ಕೀಪರ್ ಎಂಬುದು ಯಾರು ಮಾಡಿದ್ದೆಂದು ಗೊತ್ತಿಲ್ಲದ ಆಪ್ ತೆರೆಯುವಾಗ ತಡೆದು ಕೇಳುತ್ತದೆ. ಮ್ಯಾಕ್‌ಗೆ ವೈರಸ್ಸೇ ಬರುವುದಿಲ್ಲ ಎಂಬ ಮಾತನ್ನು ನಂಬಬೇಡಿ, ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರ್‌ಗಳು ಅಲ್ಲಿಗೂ ಬಂದಿವೆ. ಮುಂದೆ ನಾನು ಹೆಚ್ಚಾಗಿ ವಿಂಡೋಸ್ ಬಗ್ಗೆಯೇ ಹೇಳುತ್ತೇನೆ. ಮನೆಗಳಲ್ಲಿ ಅದೇ ಜಾಸ್ತಿ, ಕಳ್ಳರ ಕಣ್ಣೂ ಅದರ ಮೇಲೇ ಜಾಸ್ತಿ.

ಬಾಗಿಲು ಸರಿ ಮಾಡದೆ ಕಾವಲು ಇಟ್ಟರೆ ಉಪಯೋಗವಿಲ್ಲ

2017ರ ಮೇ 12ರಂದು ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ ಹಬ್ಬಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ, ವಿಂಡೋಸ್‌ನಲ್ಲಿದ್ದ ಒಂದು ತೂತಿನಿಂದ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹೋಗುತ್ತಿತ್ತು. ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ನಡುವೆ ಸುಮಾರು ಎರಡು ತಿಂಗಳಿತ್ತು. ಅಷ್ಟರೊಳಗೆ ಅಪ್‌ಡೇಟ್ ಮಾಡಿಕೊಂಡವರ ಕಂಪ್ಯೂಟರಿಗೆ ಅದು ಆ ದಾರಿಯಿಂದ ನುಗ್ಗಲಾಗಲಿಲ್ಲ. "ಆಮೇಲೆ ಮಾಡೋಣ" ಎಂದು ಮುಂದೂಡಿದವರು ಸಿಕ್ಕಿಕೊಂಡರು.

ಅದಕ್ಕೇ ಆಂಟಿವೈರಸ್ ಆರಿಸುವ ಮುಂಚೆ ವಿಂಡೋಸ್ ಅಪ್‌ಡೇಟ್ ತೆರೆದು ಬಾಕಿ ಇರುವುದನ್ನೆಲ್ಲ ಹಾಕಿಕೊಳ್ಳಿ. ಬ್ರೌಸರನ್ನೂ ಅಪ್‌ಡೇಟ್ ಮಾಡಿ.

ಇನ್ನೂ ವಿಂಡೋಸ್ 10 ಬಳಸುತ್ತಿದ್ದೀರಾ? ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಕೊಂಡವರಿಗೆ ಮಾತ್ರ ಅದಾದ ಮೇಲೂ ಕೆಲವು ಕಾಲ ಅಪ್‌ಡೇಟ್ ಸಿಗುತ್ತದೆ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. "ಆಂಟಿವೈರಸ್ ದಿನಾ ಅಪ್‌ಡೇಟ್ ಆಗ್ತಾ ಇದೆಯಲ್ಲ, ಏನೂ ತೊಂದರೆ ಇಲ್ಲ" ಅಂದುಕೊಳ್ಳುತ್ತಾರೆ. ಅದು ಬರೀ ಕಳ್ಳರ ಫೋಟೋ ಪಟ್ಟಿ ಅಪ್‌ಡೇಟ್ ಆದ ಹಾಗೆ. ಗೋಡೆಯಲ್ಲಿ ಬಿದ್ದ ತೂತು ಹಾಗೇ ಇರುತ್ತದೆ. ದುಡ್ಡು ಕೊಟ್ಟು ತಂದ ಎಷ್ಟೇ ಒಳ್ಳೆಯ ಆಂಟಿವೈರಸ್ಸೂ ಆ ತೂತನ್ನು ಮುಚ್ಚುವುದಿಲ್ಲ. ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗುವುದಾದರೆ ಮೊದಲು ಅದಕ್ಕೆ ಹೋಗಿ.

ಯಾರಿಂದ ಕಾಯಬೇಕು?

ಹಿಂದೆಲ್ಲ ವೈರಸ್ ಬಂದರೆ ಕಂಪ್ಯೂಟರ್ ಕೆಡುತ್ತಿತ್ತು. ಈಗ ಬರುವವು ಕಂಪ್ಯೂಟರ್ ಚೆನ್ನಾಗಿರಲಿ ಎಂದೇ ಬಯಸುತ್ತವೆ. ಅವಕ್ಕೆ ಬೇಕಾಗಿರುವುದು ನಿಮ್ಮ ಫೈಲ್, ಪಾಸ್‌ವರ್ಡ್, ಬ್ಯಾಂಕ್ ಖಾತೆ.

ರಾನ್ಸಮ್‌ವೇರ್ ಬಗ್ಗೆ ಆಗಲೇ ಹೇಳಿದೆ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ಇರುವುದು ಸದ್ದಿಲ್ಲದೆ ಕದಿಯುವ ಸಾಫ್ಟ್‌ವೇರ್‌ಗಳದ್ದು. ಇನ್ಫೋಸ್ಟೀಲರ್ ಅಂತಾರೆ. ಇವು ಒಳಗೆ ಬಂದು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಬಾಚಿಕೊಂಡು ಹೋಗುತ್ತವೆ. ಅದರ ಜೊತೆಗೆ ಕುಕೀಗಳನ್ನೂ ಒಯ್ಯುತ್ತವೆ. ನೀವು ಒಮ್ಮೆ ಲಾಗಿನ್ ಆದ ಮೇಲೆ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳದೆ ಇರಲು ಜಾಲತಾಣ ನಿಮ್ಮ ಬ್ರೌಸರಿಗೆ ಕೊಡುವ ಚೀಟಿ ಇದೆಯಲ್ಲ, ಅದೇ ಕುಕೀ. ಆ ಚೀಟಿ ಕಳ್ಳರ ಕೈಗೆ ಸಿಕ್ಕರೆ ಅವರು ಪಾಸ್‌ವರ್ಡ್ ಇಲ್ಲದೆ, ಎಷ್ಟೋ ಸಲ ಒಟಿಪಿಯೂ ಇಲ್ಲದೆ, ನಿಮ್ಮ ಖಾತೆಯೊಳಗೆ ಹೋಗಬಹುದು. ಎಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ.

ಇವು ಬರುವ ದೊಡ್ಡ ದಾರಿ ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಬೀಗ ಒಡೆದು ಪುಕ್ಕಟೆ ಹಂಚುವ ಸಾಫ್ಟ್‌ವೇರ್ ಮತ್ತು ಆಟದಲ್ಲಿ ಸುಲಭವಾಗಿ ಗೆಲ್ಲಲು ಹಾಕುವ ಚೀಟ್‌ಗಳು. ಹೇಗೆ ಕೊಡುತ್ತಾರೆ ನೋಡಿ. ಒಂದು ಝಿಪ್ ಫೈಲ್, ಅದಕ್ಕೊಂದು ಪಾಸ್‌ವರ್ಡ್, ಆ ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆದಿರುತ್ತಾರೆ. ಪಕ್ಕದಲ್ಲೇ ಬರೆಯುವುದಾದರೆ ಪಾಸ್‌ವರ್ಡ್ ಯಾಕೆ ಬೇಕು? ಡೌನ್‌ಲೋಡ್ ಆಗುವಾಗ ಆಂಟಿವೈರಸ್ ಒಳಗೆ ಇಣುಕಿ ನೋಡಬಾರದು, ಅದಕ್ಕೆ. ಕೆಳಗೆ ಇನ್ನೊಂದು ಸಾಲು ಇರುತ್ತದೆ: "ಇನ್‌ಸ್ಟಾಲ್ ಮಾಡುವಾಗ ಆಂಟಿವೈರಸ್ ಆಫ್ ಮಾಡಿ." ಆ ಸಾಲು ಕಂಡ ತಕ್ಷಣ ಫೈಲ್ ಅಳಿಸಿಬಿಡಿ.

ಇತ್ತೀಚಿನ ಇನ್ನೊಂದು ಮೋಸ ಇದಕ್ಕಿಂತ ಸರಳ. ಒಂದು ಪುಟ "ನೀವು ಮನುಷ್ಯರೇ ಎಂದು ತೋರಿಸಿ" ಅನ್ನುತ್ತದೆ. ಟಿಕ್ ಮಾಡುತ್ತೀರಿ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಅನ್ನುತ್ತದೆ. ನೀವು ಟಿಕ್ ಮಾಡಿದಾಗಲೇ ಆ ಪುಟ ಒಂದು ಆದೇಶವನ್ನು ಕಾಪಿ ಮಾಡಿ ಇಟ್ಟಿರುತ್ತದೆ. ನಿಮ್ಮ ಕೈಯಿಂದಲೇ ಅದನ್ನು ಅಂಟಿಸಿ ಓಡಿಸಿಕೊಳ್ಳುತ್ತದೆ. ಮ್ಯಾಕ್‌ನಲ್ಲಾದರೆ ಆದೇಶ ಟೈಪ್ ಮಾಡುವ ಟರ್ಮಿನಲ್ ಎಂಬ ಕಿಟಕಿ ತೆರೆಯಲು ಹೇಳುತ್ತದೆ. ಮನುಷ್ಯರೇ ಎಂದು ಪರೀಕ್ಷಿಸುವ ಯಾವ ಜಾಲತಾಣಕ್ಕೂ ಆ ಕೀಗಳು ಬೇಕಿಲ್ಲ.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ಮಾಲೀಕರೇ ಬಾಗಿಲು ತೆರೆದು ಒಳಗೆ ಕರೆದಾಗ ಕಾವಲುಗಾರನಿಗೆ ಕಷ್ಟವಾಗುತ್ತದೆ. ಒಳ್ಳೆಯ ಆಂಟಿವೈರಸ್ ಆಗಲೂ ಎಷ್ಟೋ ಸಲ ಹಿಡಿಯುತ್ತದೆ. ಯಾವಾಗಲೂ ಹಿಡಿಯುವುದಿಲ್ಲ.

ಬೇರೆ ಆಂಟಿವೈರಸ್ ಬೇಕಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಬ್ಬರು ಇಬ್ಬರು ಬಳಸುವ, ಅಪ್‌ಡೇಟ್ ಆಗುತ್ತಿರುವ ವಿಂಡೋಸ್ 11 ಕಂಪ್ಯೂಟರ್‌ಗೆ ಡಿಫೆಂಡರ್ ಸಾಕು. ಹತ್ತು ಹದಿನೈದು ವರ್ಷದ ಹಿಂದೆ ನಾನು ಹೀಗೆ ಹೇಳುತ್ತಿರಲಿಲ್ಲ, ಆಗ ಅದು ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿತ್ತು. ಈಗ ಒಳ್ಳೆಯವುಗಳ ಸಾಲಿನಲ್ಲೇ ನಿಲ್ಲುತ್ತದೆ.

ಆದರೆ ಅದನ್ನು ಹಾಗೇ ಬಿಡಬೇಡಿ, ಅದೇ ವಿಂಡೋಸ್ ಸೆಕ್ಯುರಿಟಿಯೊಳಗೆ ನಾಲ್ಕು ಸ್ವಿಚ್ ನೋಡಿ. ರಿಯಲ್ ಟೈಮ್ ಪ್ರೊಟೆಕ್ಷನ್ ಆನ್ ಇರಬೇಕು. ಕ್ಲೌಡ್ ಪ್ರೊಟೆಕ್ಷನ್ ಆನ್ ಇರಬೇಕು. ಡಿಫೆಂಡರ್ ಹೊಸ ಫೈಲ್‌ಗಳ ಬಗ್ಗೆ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಮೈಕ್ರೋಸಾಫ್ಟ್‌ನ ಕಂಪ್ಯೂಟರ್‌ಗಳಲ್ಲಿ ಕೇಳಿ ತಿಳಿದುಕೊಳ್ಳುತ್ತದೆ, ಆ ದಾರಿ ಮುಚ್ಚಿದರೆ ಅದರ ಬಲ ಕುಗ್ಗುತ್ತದೆ. ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದ್ದರೆ ಕೆಟ್ಟ ಸಾಫ್ಟ್‌ವೇರ್ ಬಂದು ಡಿಫೆಂಡರನ್ನೇ ಆಫ್ ಮಾಡುವುದು ಕಷ್ಟ. ಇನ್ನೊಂದು ಸ್ವಿಚ್ ಆಪ್ ಆಂಡ್ ಬ್ರೌಸರ್ ಕಂಟ್ರೋಲ್ ಒಳಗಿದೆ, ಬೇಡದ ಆಪ್‌ಗಳನ್ನು ತಡೆಯುವುದು. ಚಿಕ್ಕಮ್ಮನ ಪಿಡಿಎಫ್ ಸಾಫ್ಟ್‌ವೇರಿನ ಬಾಲ ಹಿಡಿದು ಬಂದಂಥವಕ್ಕೆ ಇದೇ ಅಡ್ಡಗೋಡೆ.

ರಾನ್ಸಮ್‌ವೇರ್ ಪ್ರೊಟೆಕ್ಷನ್ ಎಂಬ ಜಾಗದಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂದು ಇನ್ನೊಂದಿದೆ. ಅದು ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತದೆ. ಆನ್ ಮಾಡಿದರೆ ಗುರುತಿಲ್ಲದ ಯಾವ ಸಾಫ್ಟ್‌ವೇರ್‌ಗೂ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಲ್ಲಿ ಏನನ್ನೂ ಬದಲಿಸಲು ಬಿಡುವುದಿಲ್ಲ. ಮೊದಲ ಕೆಲವು ದಿನ ನಿಮ್ಮ ಒಳ್ಳೆಯ ಸಾಫ್ಟ್‌ವೇರನ್ನೂ ತಡೆಯಬಹುದು, ಆಗ ಅದನ್ನು ಅನುಮತಿ ಪಟ್ಟಿಗೆ ಸೇರಿಸಬೇಕು. ಸ್ವಲ್ಪ ತಾಳ್ಮೆ ಇದ್ದವರು ಖಂಡಿತ ಆನ್ ಮಾಡಿ. ಮಕ್ಕಳ ಹಳೆಯ ಫೋಟೋಗಳೆಲ್ಲ ಇರುವುದು ಆ ಫೋಲ್ಡರ್‌ಗಳಲ್ಲೇ ಅಲ್ವಾ?

ದುಡ್ಡು ಕೊಟ್ಟು ಬೇರೆಯದು ಕೊಳ್ಳಲು ಕಾರಣವೇ ಇಲ್ಲ ಎಂದಲ್ಲ. ಮನೆಯಲ್ಲಿ ನಾಲ್ಕೈದು ಕಂಪ್ಯೂಟರ್, ಫೋನ್ ಇದ್ದು ಎಲ್ಲವನ್ನೂ ಒಬ್ಬರೇ ಒಂದೇ ಕಡೆಯಿಂದ ನೋಡಿಕೊಳ್ಳಬೇಕು ಎನ್ನುವವರಿಗೆ ಅನುಕೂಲ. ಕಂಡದ್ದನ್ನೆಲ್ಲ ಡೌನ್‌ಲೋಡ್ ಮಾಡುವ ಹುಡುಗರು ಇರುವ ಮನೆಗೆ, ಬಂದ ಲಿಂಕನ್ನೆಲ್ಲ ಒತ್ತುವ ಹಿರಿಯರಿರುವ ಮನೆಗೆ ಕೆಟ್ಟ ಜಾಲತಾಣಗಳನ್ನು ಬಿಗಿಯಾಗಿ ತಡೆಯುವ ಸಾಫ್ಟ್‌ವೇರ್ ಉಪಯೋಗಕ್ಕೆ ಬರುತ್ತದೆ. ತೊಂದರೆಯಾದಾಗ ಕೇಳಲು ಒಬ್ಬ ಮನುಷ್ಯ ಬೇಕು ಎನ್ನುವುದೂ ಸರಿಯಾದ ಕಾರಣವೇ. ಹೆದರಿಕೆಯೊಂದೇ ಕಾರಣವಾಗಿದ್ದರೆ ಎರಡು ದಿನ ತಡೆಯಿರಿ.

ಉಚಿತವಾಗಿ ಸಿಗುವವೂ ಇವೆ. ಅವುಗಳಲ್ಲಿ ಒಂದು ವ್ಯತ್ಯಾಸ ಗಮನಿಸಿ. ಬಿಟ್‌ಡಿಫೆಂಡರ್, ಅವಾಸ್ಟ್ ಮುಂತಾದವುಗಳ ಉಚಿತ ಆವೃತ್ತಿ ಸದಾ ಕಾಯುತ್ತದೆ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ನೀವು ಹೇಳಿದಾಗ ಮಾತ್ರ ಸ್ಕ್ಯಾನ್ ಮಾಡುತ್ತದೆ, ಉಳಿದ ಹೊತ್ತು ಸುಮ್ನಿರುತ್ತದೆ. ಅನುಮಾನ ಬಂದಾಗ ಎರಡನೆಯವರ ಅಭಿಪ್ರಾಯ ಕೇಳಲು ಅದು ಚೆನ್ನ, ಒಂದೇ ಕಾವಲಾಗಿ ಇಟ್ಟುಕೊಳ್ಳಲು ಅಲ್ಲ.

ಪರೀಕ್ಷೆಯ ಫಲಿತಾಂಶ ಓದುವುದು

ಹುಡುಕಿದರೆ "ಟಾಪ್ 10 ಆಂಟಿವೈರಸ್" ಎಂಬ ಪುಟಗಳು ರಾಶಿ ಬೀಳುತ್ತವೆ. ಅವುಗಳಲ್ಲಿ ಎಷ್ಟೋ ಪುಟಗಳಿಗೆ ನೀವು ಆ ಲಿಂಕ್ ಒತ್ತಿ ಕೊಂಡರೆ ಕಮಿಷನ್ ಸಿಗುತ್ತದೆ. ಹತ್ತಕ್ಕೆ ಹತ್ತಕ್ಕೂ ಹೊಗಳಿಕೆಯೇ ಇದ್ದು ಪಕ್ಕದಲ್ಲಿ ರಿಯಾಯಿತಿ ಬಟನ್ ಇದ್ದರೆ ಅದನ್ನು ಜಾಹೀರಾತು ಎಂದೇ ಓದಿ.

ಇದೇ ಕೆಲಸಕ್ಕೆಂದು ಪರೀಕ್ಷಾ ಸಂಸ್ಥೆಗಳಿವೆ. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿರುವ ಎವಿ-ಟೆಸ್ಟ್ ಒಂದು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿರುವ ಎವಿ-ಕಂಪ್ಯಾರಟಿವ್ಸ್ ಇನ್ನೊಂದು. ಫಲಿತಾಂಶ ಎರಡರ ಜಾಲತಾಣದಲ್ಲೂ ಉಚಿತವಾಗಿ ಸಿಗುತ್ತದೆ. ಎವಿ-ಟೆಸ್ಟ್ ಮೂರು ವಿಷಯಕ್ಕೆ ತಲಾ 6 ಅಂಕ ಕೊಡುತ್ತದೆ: ಎಷ್ಟು ಹಿಡಿಯಿತು, ಕಂಪ್ಯೂಟರನ್ನು ಎಷ್ಟು ನಿಧಾನ ಮಾಡಿತು, ಒಳ್ಳೆಯದನ್ನು ಕೆಟ್ಟದ್ದೆಂದು ಕೂಗಿ ಎಷ್ಟು ಕಾಟ ಕೊಟ್ಟಿತು. ಒಟ್ಟು 18. 17.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಟಾಪ್ ಪ್ರಾಡಕ್ಟ್ ಎಂಬ ಗುರುತು.

ಎಲ್ಲರೂ ಮೊದಲ ಅಂಕವನ್ನಷ್ಟೇ ನೋಡುತ್ತಾರೆ. ನಾನು ಮೂರನೆಯದನ್ನು ಮೊದಲು ನೋಡುತ್ತೇನೆ. ಹಿಡಿಯುವುದರಲ್ಲಿ ಒಳ್ಳೆಯವುಗಳ ನಡುವೆ ಈಗ ಅಂತರ ಬಹಳ ಕಡಿಮೆ, ಶೇಕಡಾ 99.5ಕ್ಕೂ 99.8ಕ್ಕೂ ಮನೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಸುಳ್ಳು ಕೂಗು ಜಾಸ್ತಿಯಾದರೆ ಮನೆಯವರು ಎಚ್ಚರಿಕೆ ಓದುವುದನ್ನೇ ಬಿಡುತ್ತಾರೆ. ಎಲ್ಲಕ್ಕೂ "ಓಕೆ" ಒತ್ತುವ ಅಭ್ಯಾಸ ಬೀಳುತ್ತದೆ. ನಿಜವಾದದ್ದು ಬಂದ ದಿನವೂ ಓಕೆಯೇ. ಎವಿ-ಕಂಪ್ಯಾರಟಿವ್ಸ್ ಈ ಸುಳ್ಳು ಕೂಗುಗಳ ಸಂಖ್ಯೆಯನ್ನೇ ಪಟ್ಟಿ ಮಾಡಿ ಕೊಡುತ್ತದೆ, ನೋಡಿ.

ಹಳೆಯ ಕಂಪ್ಯೂಟರ್ ಇರುವವರಿಗೆ ಎರಡನೆಯ ಅಂಕ ಮುಖ್ಯ. ಒಂದೇ ಸಲದ ಫಲಿತಾಂಶ ನೋಡಿ ತೀರ್ಮಾನಿಸಬೇಡಿ, ಹಿಂದಿನ ಎರಡು ಮೂರು ಸಲದ್ದೂ ನೋಡಿ. ಒಮ್ಮೆ ಮೊದಲು ಬಂದದ್ದಕ್ಕಿಂತ ಯಾವಾಗಲೂ ಮೇಲಿನ ಸಾಲಿನಲ್ಲೇ ಇರುವುದು ಮೇಲು.

ಕಾವಲುಗಾರನನ್ನು ನಂಬಬಹುದಾ?

ಆಂಟಿವೈರಸ್ ಕಂಪ್ಯೂಟರಿನ ಅತಿ ಒಳಗಿನ ಕೋಣೆಯವರೆಗೂ ಹೋಗುತ್ತದೆ. ಎಲ್ಲ ಫೈಲ್ ಓದುತ್ತದೆ, ಯಾವ ಜಾಲತಾಣ ನೋಡುತ್ತೀರಿ ಎಂದು ತಿಳಿಯುತ್ತದೆ. ಹಾಗಾಗಿ ಅದನ್ನು ಮಾಡಿದವರು ಎಂಥವರು ಎಂಬುದೂ ಲೆಕ್ಕಕ್ಕೆ ಬರಬೇಕು.

ಅವಾಸ್ಟ್ ಕಂಪನಿ ತನ್ನ ಬಳಕೆದಾರರು ನೋಡಿದ ಪುಟಗಳ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ಸುದ್ದಿ ಹೊರಬಿದ್ದ ಮೇಲೆ 2020ರಲ್ಲಿ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್ 1.65 ಕೋಟಿ ಡಾಲರ್ ಕೊಡಬೇಕೆಂದು ಆದೇಶಿಸಿತು. ಟ್ರ್ಯಾಕ್ ಮಾಡುವವರಿಂದ ಕಾಪಾಡುತ್ತೇವೆ ಎಂದು ಹೇಳಿಕೊಂಡೇ ಇದನ್ನು ಮಾಡಿದ್ದರು. ಈ ಸಂಗತಿ ನನಗೆ ಈಗಲೂ ನೋವು ಕೊಡುತ್ತದೆ. ಕಾವಲಿಗೆಂದು ನಂಬಿ ಕರೆದವರೇ ಮನೆಯ ಸುದ್ದಿ ಮಾರಿದ ಹಾಗಾಯಿತಲ್ಲ.

ಕೆಟ್ಟ ಉದ್ದೇಶ ಇಲ್ಲದೆಯೂ ಅನಾಹುತ ಆಗಬಹುದು. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿ ಎಂಬ ಆಂಟಿವೈರಸ್‌ನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಎಂದು ಹಿಡಿಯಿತು, ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ಅದು ಕಚೇರಿಗಳಲ್ಲಿ ಬಳಸುವಂಥದ್ದು, ಮನೆಗಳದ್ದಲ್ಲ. ಆದರೂ ಅಷ್ಟು ಒಳಗೆ ಕೂರುವ ಸಾಫ್ಟ್‌ವೇರ್ ಒಂದಕ್ಕಿಂತ ಹೆಚ್ಚು ಇರಬಾರದು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಕೇ? ಎರಡು ಆಂಟಿವೈರಸ್ ಒಟ್ಟಿಗೆ ಕಾದರೆ ಒಂದು ಹಿಡಿದ ಫೈಲನ್ನು ಇನ್ನೊಂದು ಎಳೆಯುತ್ತದೆ, ಕಂಪ್ಯೂಟರ್ ತಿಣುಕುತ್ತದೆ.

ಒಡೆತನವನ್ನೂ ನೋಡಿ. ನಾರ್ಟನ್, ಅವಾಸ್ಟ್, ಎವಿಜಿ, ಅವೀರಾ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಒಂದನ್ನು ಬೇಡ ಎಂದು ಇನ್ನೊಂದಕ್ಕೆ ಹೋದಾಗ ಅದೇ ಮನೆಯ ಬೇರೆ ಬಾಗಿಲಿಗೆ ಹೋಗಿರಬಹುದು. ಕೆಲವು ದೇಶಗಳಲ್ಲಿ ಸರ್ಕಾರದ ನಿರ್ಬಂಧವೂ ಇರುತ್ತದೆ. ಅಮೆರಿಕ 2024ರಲ್ಲಿ ಆಂಟಿವೈರಸ್ ಕಂಪನಿಯಾದ ಕ್ಯಾಸ್ಪರ್‌ಸ್ಕಿ ಮಾರಾಟ ಮತ್ತು ಅಪ್‌ಡೇಟ್ ಎರಡನ್ನೂ ನಿಲ್ಲಿಸಿತು. ಕೊಳ್ಳುವ ಮುಂಚೆ ನೀವಿರುವ ಕಡೆ ಅಪ್‌ಡೇಟ್ ಬರುತ್ತದೆಯಾ ಎಂದು ಖಚಿತ ಮಾಡಿಕೊಳ್ಳಿ.

ಜೊತೆಗೆ ಬರುವ ಸಾಮಾನು

ದುಡ್ಡಿನ ಪ್ಯಾಕೇಜ್‌ಗಳಲ್ಲಿ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಮರೆಮಾಡುವುದು), ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಜೋಪಾನವಾಗಿಡುವುದು), ಕ್ಲೀನರ್, ಬೂಸ್ಟರ್ ಎಲ್ಲ ತುಂಬಿರುತ್ತವೆ. ಪಾಸ್‌ವರ್ಡ್ ಮ್ಯಾನೇಜರ್ ನಿಜಕ್ಕೂ ಬೇಕಾದದ್ದು, ಆದರೆ ಅದು ಬೇರೆಯಾಗಿಯೂ ಸಿಗುತ್ತದೆ. ಆಂಟಿವೈರಸ್ ಬದಲಿಸಿದಾಗ ಪಾಸ್‌ವರ್ಡ್‌ಗಳು ಅಲ್ಲೇ ಸಿಕ್ಕಿಕೊಳ್ಳಬಾರದು, ಅದಕ್ಕೆ ಬೇರೆಯಾಗಿಯೇ ಇರಲಿ. ವಿಂಡೋಸ್‌ನ ಒಳಗಿನ ಸೆಟ್ಟಿಂಗ್ ಪಟ್ಟಿ ಗುಡಿಸುತ್ತೇವೆನ್ನುವ ರಿಜಿಸ್ಟ್ರಿ ಕ್ಲೀನರ್, ವೇಗ ಹೆಚ್ಚಿಸುತ್ತೇವೆನ್ನುವ ಬೂಸ್ಟರ್‌ಗಳಿಗಾಗಿ ಒಂದು ಪೈಸೆಯನ್ನೂ ಕೊಡಬೇಡಿ.

ಕೊಳ್ಳುವಾಗ ಎರಡು ವಿಷಯ. ಮೊದಲ ವರ್ಷದ ಬೆಲೆ ದೊಡ್ಡದಾಗಿ ಬರೆದಿರುತ್ತಾರೆ, ಎರಡನೇ ವರ್ಷದ್ದು ಸಣ್ಣ ಅಕ್ಷರದಲ್ಲಿರುತ್ತದೆ, ಹೆಚ್ಚಾಗಿ ಅದೇ ಜಾಸ್ತಿ. ಎರಡನೆಯದನ್ನು ನೋಡಿ ತೀರ್ಮಾನಿಸಿ. ಆಟೋ ರಿನ್ಯೂವಲ್ ಕೊಂಡ ದಿನವೇ ಆಫ್ ಮಾಡಿ, ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಹಾಕುವ ದಿನ

ಮೊದಲು ಮುಖ್ಯವಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಹಳೆಯ ಆಂಟಿವೈರಸ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಕೆಲವು ಅಷ್ಟು ಸುಲಭಕ್ಕೆ ಪೂರ್ತಿ ಹೋಗುವುದಿಲ್ಲ. ದೊಡ್ಡ ಕಂಪನಿಗಳು ತಮ್ಮದನ್ನು ಬುಡಸಮೇತ ಕೀಳಲು ರಿಮೂವಲ್ ಟೂಲ್ ಎಂದೇ ಕೊಡುತ್ತವೆ, ಅವರ ಜಾಲತಾಣದಿಂದಲೇ ತೆಗೆದುಕೊಳ್ಳಿ. ಚಿಕ್ಕಮ್ಮನ ಲ್ಯಾಪ್‌ಟಾಪ್‌ನಲ್ಲಿ ಮೂರನ್ನೂ ಕೀಳಲು ನನಗೆ ಅರ್ಧ ದಿನ ಹಿಡಿಯಿತು. ಮೂರು ಸಲ ರೀಸ್ಟಾರ್ಟ್ ಮಾಡಿದ ಮೇಲೆ ಅದು ಒಂದೇ ನಿಮಿಷದಲ್ಲಿ ಎದ್ದು ಕೂತಿತು.

ಹೊಸದನ್ನು ಹುಡುಕುವಾಗ ಮೇಲ್ಗಡೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ, ಅಲ್ಲಿ ನಕಲಿ ಪುಟಗಳು ಸೇರಿಕೊಂಡಿರುತ್ತವೆ. ಕಂಪನಿಯ ವಿಳಾಸವನ್ನು ನೀವೇ ಟೈಪ್ ಮಾಡಿ. ಹಾಕುವಾಗ ಮೊದಲೇ ಟಿಕ್ ಆಗಿರುವ ಬಾಕ್ಸ್‌ಗಳನ್ನು ಓದಿ, ಬ್ರೌಸರ್ ಬದಲಿಸುವುದು, ಹುಡುಕುವ ತಾಣ ಬದಲಿಸುವುದು, ಮಾಹಿತಿ ಹಂಚಿಕೊಳ್ಳುವುದು ಇದ್ದರೆ ಟಿಕ್ ತೆಗೆಯಿರಿ.

ಹಾಕಿದ ಮೇಲೆ ನಿಜವಾಗಿ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಒಂದು ಒಳ್ಳೆಯ ಉಪಾಯವಿದೆ. ಐಕಾರ್ ಎಂಬ ಸಂಸ್ಥೆಯ ಜಾಲತಾಣದಲ್ಲಿ ಒಂದು ಪರೀಕ್ಷಾ ಫೈಲ್ ಇದೆ. ಬರೀ 68 ಅಕ್ಷರಗಳದ್ದು, ಅದರಿಂದ ಯಾವ ಅಪಾಯವೂ ಇಲ್ಲ. ಆದರೆ ಅದನ್ನು ಕಂಡರೆ ವೈರಸ್ ಎಂದೇ ಹಿಡಿಯಬೇಕು ಎಂದು ಆಂಟಿವೈರಸ್ ಮಾಡುವವರೆಲ್ಲ ಒಪ್ಪಿಕೊಂಡಿದ್ದಾರೆ. ಅದನ್ನು ಡೌನ್‌ಲೋಡ್ ಮಾಡಲು ಹೋಗಿ. ಕೂಗಿದರೆ ಎಚ್ಚರವಾಗಿದೆ. ಫೈಲ್ ಸುಮ್ನೆ ಬಂದು ಕೂತರೆ ಏನೋ ಆಫ್ ಆಗಿದೆ. ಇದನ್ನು ಮಾಡುವಾಗ ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಆಂಟಿವೈರಸ್‌ನ ನಿಜವಾದ ಎಚ್ಚರಿಕೆ ಯಾವ ಮೂಲೆಯಲ್ಲಿ, ಯಾವ ಬಣ್ಣದಲ್ಲಿ ಬರುತ್ತದೆ ಎಂದು ಒಮ್ಮೆ ಕಂಡವರಿಗೆ ಸೈರನ್ ಕೂಗುವ ವೆಬ್ ಪುಟ ಕಂಡಾಗ ಅದು ತಮ್ಮದಲ್ಲ ಎಂದು ಗೊತ್ತಾಗುತ್ತದೆ.

ಆ ರಾತ್ರಿ ಫುಲ್ ಸ್ಕ್ಯಾನ್ ಹಾಕಿ ಮಲಗಿ. ಒಂದು ವಾರ ಬಳಸಿ ನೋಡಿ. ಬ್ರೌಸರ್ ತೆರೆಯುವುದು, ದೊಡ್ಡ ಫೋಲ್ಡರ್ ಕಾಪಿ ಆಗುವುದು ಬಹಳ ನಿಧಾನವಾಯಿತು ಅನ್ನಿಸಿದರೆ ಟ್ರಯಲ್ ಮುಗಿಯುವ ಮೊದಲೇ ಬದಲಿಸಿ.

ಇನ್ನೊಂದು ಸಣ್ಣ ಕೆಲಸ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಒತ್ತಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ. ಫೈಲ್ ಯಾವ ಬಗೆಯದು ಎಂದು ಹೇಳುವ, ಹೆಸರಿನ ಕೊನೆಯ ಬಾಲವನ್ನು ವಿಂಡೋಸ್ ಬಚ್ಚಿಡುತ್ತದೆ. 2000ನೇ ಇಸವಿಯಲ್ಲಿ ಜಗತ್ತನ್ನೆಲ್ಲ ಸುತ್ತಿದ ಲವ್ ಲೆಟರ್ ವೈರಸ್ ಹೀಗೇ ಮೋಸ ಮಾಡಿತು. ಹೆಸರು ಡಾಟ್ ಟಿಎಕ್ಸ್‌ಟಿ ಎಂದು ಮುಗಿದ ಹಾಗೆ ಕಾಣುತ್ತಿತ್ತು, ಅದರ ಹಿಂದೆ ಇದು ಓಡುವ ಪ್ರೋಗ್ರಾಂ ಎಂದು ಹೇಳುವ ಡಾಟ್ ವಿಬಿಎಸ್ ಎಂಬ ನಿಜವಾದ ಬಾಲ ಬಚ್ಚಿಟ್ಟುಕೊಂಡಿತ್ತು. ಅದೇ ಉಪಾಯ ಈಗಲೂ ನಡೆಯುತ್ತಿದೆ, ಡಾಟ್ ಇಎಕ್ಸ್‌ಇ ಎಂಬ ಬಾಲವೂ ಪ್ರೋಗ್ರಾಂನದ್ದೇ.

ಕೂಗಿದಾಗ

ಆಂಟಿವೈರಸ್ ಏನನ್ನಾದರೂ ಹಿಡಿದರೆ ಮೊದಲು ಕ್ವಾರಂಟೈನ್ ಆರಿಸಿ. ಅಲ್ಲಿ ಫೈಲ್ ಕಟ್ಟಿಹಾಕಿದ ಹಾಗೆ ಇರುತ್ತದೆ, ಕೆಡುಕು ಮಾಡಲಾರದು, ತಪ್ಪಾಗಿ ಹಿಡಿದಿದ್ದರೆ ವಾಪಸ್ಸೂ ತರಬಹುದು. ಅನುಮಾನವಿದ್ದರೆ ವೈರಸ್‌ಟೋಟಲ್ ಎಂಬ ತಾಣದಲ್ಲಿ ಫೈಲ್ ಹಾಕಿ ನೋಡಿ, ಹತ್ತಾರು ಆಂಟಿವೈರಸ್‌ಗಳು ಅದನ್ನು ಒಟ್ಟಿಗೆ ನೋಡಿ ಹೇಳುತ್ತವೆ. ಆದರೆ ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಹೋಗುತ್ತದೆ. ಬ್ಯಾಂಕ್ ಕಾಗದ, ಗುರುತಿನ ಚೀಟಿಯಂಥವನ್ನು ಎಂದೂ ಹಾಕಬೇಡಿ.

ಏನೋ ಒಳಗೆ ಹೋಗಿಯೇ ಬಿಟ್ಟಿದೆ ಅನ್ನಿಸಿದರೆ ಇಂಟರ್ನೆಟ್ ಕಡಿತ ಮಾಡಿ. ಡಿಫೆಂಡರ್‌ನ ಸ್ಕ್ಯಾನ್ ಆಪ್ಷನ್ಸ್ ಒಳಗೆ ಆಫ್‌ಲೈನ್ ಸ್ಕ್ಯಾನ್ ಇದೆ, ಅದು ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ, ಸುಮಾರು 15 ನಿಮಿಷ ಬೇಕು. ಪಾಸ್‌ವರ್ಡ್‌ಗಳನ್ನು ಬದಲಿಸಿ, ಆದರೆ ಇದೇ ಕಂಪ್ಯೂಟರಿನಿಂದ ಅಲ್ಲ, ಬೇರೆ ಫೋನ್ ಅಥವಾ ಕಂಪ್ಯೂಟರಿನಿಂದ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಪ್ರತಿ ಖಾತೆಯಲ್ಲೂ ಎಲ್ಲ ಕಡೆಯಿಂದ ಲಾಗೌಟ್ ಮಾಡಿ ಎಂಬ ಆಯ್ಕೆ ಇದ್ದರೆ ಒತ್ತಿ. ಕದ್ದ ಕುಕೀ ಚೀಟಿ ಆಗ ರದ್ದಾಗುತ್ತದೆ.

ರಾನ್ಸಮ್‌ವೇರ್ ಬೀಗ ಹಾಕಿದ್ದರೆ ದುಡ್ಡು ಕೊಡುವ ಮುಂಚೆ ನೋ ಮೋರ್ ರಾನ್ಸಮ್ ಎಂಬ ತಾಣ ನೋಡಿ. 2016ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ ಶುರು ಮಾಡಿದ್ದು. ಕೆಲವು ಬಗೆಯ ಬೀಗಗಳಿಗೆ ಅಲ್ಲಿ ಉಚಿತವಾಗಿ ಕೀಲಿ ಸಿಗುತ್ತದೆ. ಎಲ್ಲಕ್ಕೂ ಸಿಗುವುದಿಲ್ಲ.

ಅದಕ್ಕೇ ಬ್ಯಾಕಪ್ ಬಿಟ್ಟು ಈ ಮಾತು ಮುಗಿಸಲಾರೆ. ಬೇಕಾದ ಫೈಲ್‌ಗಳು ಮೂರು ಕಡೆ ಇರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಮನೆಯಿಂದ ದೂರ ಅಥವಾ ಕ್ಲೌಡಿನಲ್ಲಿ ಒಂದು. ಕಾಪಿ ಆದ ತಕ್ಷಣ ಹೊರಗಿನ ಡಿಸ್ಕ್ ಕಿತ್ತಿಡಿ. ಚುಚ್ಚಿಕೊಂಡೇ ಇರುವ ಡಿಸ್ಕಿಗೂ ರಾನ್ಸಮ್‌ವೇರ್ ಬೀಗ ಹಾಕುತ್ತದೆ. ಆಗಾಗ ಆ ಡಿಸ್ಕಿನಿಂದ ಒಂದು ಫೋಟೋ ತೆರೆದು ನೋಡಿ, ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಆಂಟಿವೈರಸ್‌ಗೆಂದು ಇಟ್ಟ ದುಡ್ಡಿನಲ್ಲಿ ಒಂದನ್ನೇ ಕೊಳ್ಳಬೇಕು ಅಂದರೆ ನಾನು ಡಿಸ್ಕ್ ಕೊಳ್ಳುತ್ತೇನೆ.

ಚಿಕ್ಕಮ್ಮನ ಲ್ಯಾಪ್‌ಟಾಪ್‌ನಲ್ಲಿ ಈಗ ಡಿಫೆಂಡರ್ ಒಂದೇ ಇದೆ. ಅವರು ದಿನಾ ಬಳಸುವುದು ಅಡ್ಮಿನ್ ಅಲ್ಲದ ಮಾಮೂಲಿ ಖಾತೆ. ಏನಾದರೂ ಇನ್‌ಸ್ಟಾಲ್ ಆಗಬೇಕಾದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಅದನ್ನು ಅವರು ಒಂದು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಟ್ಟಿದ್ದಾರೆ. ಎದ್ದು ಹೋಗಿ ಪುಸ್ತಕ ತರುವಷ್ಟರಲ್ಲಿ ಇದು ಬೇಕಾ ಎಂದು ಯೋಚಿಸಲು ಸಮಯ ಸಿಗುತ್ತದಂತೆ.

ಮೊನ್ನೆ ಮತ್ತೆ ಫೋನ್ ಬಂತು. ಈ ಸಲ ಹಿಂದೆ ಸದ್ದಿರಲಿಲ್ಲ. "ಮೇಲ್‌ನಲ್ಲಿ ಒಂದು ಬಿಲ್ ಬಂದಿತ್ತು ಕಣೋ. ಡೌನ್‌ಲೋಡ್ ಮಾಡಿದೆ, ಹೆಸರು ನೋಡಿದ್ರೆ ಪಿಡಿಎಫ್ ಆದ್ಮೇಲೆ ಇನ್ನೊಂದು ಇಎಕ್ಸ್‌ಇ ಅಂತ ಬಾಲ ಇತ್ತು. ತೆಗೀಲಿಲ್ಲ. ಅಷ್ಟರಲ್ಲಿ ಡಿಫೆಂಡರೂ ಮೂಲೇಲಿ ಬಂದು ಹಿಡಿದಿದ್ದೀನಿ ಅಂತು. ಕ್ವಾರಂಟೈನ್ ಒತ್ತಿದ್ದೀನಿ, ಸರಿ ತಾನೆ?"